ಅಗಿಯದವರ ಮನೆತನ

ಆಹಾರವನ್ನು ಸಾವಧಾನವಾಗಿ ಅಗಿದು ತಿನ್ನುವುದೇ ಆರೋಗ್ಯದ ಮೂಲವೆಂದು ವೈದ್ಯಶಾಸ್ತ್ರವು ಗಂಭೀರ ಕಂಠದಿಂದ ಸಾರುತ್ತ ಬಂದಿದೆ. ನಮ್ಮ ಹಾಸನ ಸೀಮೆಯವರು ಈ ಮಾತನ್ನು ಕೈಕಟ್ಟಿ ನಿಂತು ಗೌರವದಿಂದ ಕೇಳುತ್ತಾರೆ. ಕೇಳಿ, ಮನೆಗೆ ಹೋಗಿ, ಕೈಕಾಲು ತೊಳೆದು, ಮುದ್ದೆ ನುಂಗುತ್ತಾರೆ.

ಮುದ್ದೆಯನ್ನು ಬಲ್ಲ ಓದುಗರಿಗೆ ನಾನು ಹೇಳಬೇಕಾದ್ದೇನೂ ಇಲ್ಲ. ಅರಿಯದ ದುರದೃಷ್ಟವಂತರಿಗಾಗಿ ಒಂದೆರಡು ಮಾತು. ಬಿಸಿ ರಾಗಿಮುದ್ದೆಯಿಂದ ನೆಲ್ಲಿಕಾಯಿ ಗಾತ್ರದ ತುತ್ತು ಮುರಿದು, ಬೆರಳಲ್ಲೇ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ನಾಲಗೆಯ ಮೇಲಿಟ್ಟರೆ ಹಲ್ಲಿನ ಅಧಿಕಾರವ್ಯಾಪ್ತಿ ಅಲ್ಲಿಗೆ ಮುಗಿಯಿತು. ಮುಂದಿನದೆಲ್ಲ ಗಂಟಲಿನ ವ್ಯವಹಾರ. ನಮ್ಮ ಮನೆಯಲ್ಲಿ ಅಕ್ಷರಾಭ್ಯಾಸಕ್ಕೂ ಮೊದಲು ಈ ಅಭ್ಯಾಸ ಆಗುತ್ತಿತ್ತು. ನನಗೆ ಗುರುವಾಗಿದ್ದವನು ನನ್ನ ಅಣ್ಣ. ನಾನು ಒಂದು ತುತ್ತನ್ನು ದವಡೆಯಲ್ಲಿ ಹೊರಳಾಡಿಸಿದರೆ ಸಾಕು, "ನುಂಗ್ಲಾ, ಅದೇನ್ ಕಬ್ಬಾ?" ಎಂದು ಬೆನ್ನಿಗೊಂದು ಬಿಡುತ್ತಿದ್ದ. ಅವನ ಶಿಕ್ಷಣಪದ್ಧತಿಯಲ್ಲಿ ಪರೀಕ್ಷೆ, ಶಿಕ್ಷೆ ಎಂಬ ಭೇದವಿರಲಿಲ್ಲ.

ದಂಡಿಗನಹಳ್ಳಿಯ ಪಕ್ಕದಲ್ಲಿ ರಾಗಿ, ತೆಂಗು ಬೆಳೆದುಕೊಂಡಿದ್ದ ಆ ಅಣ್ಣ ಈಗ ಹಾಸನದ ಹೊರಭಾಗದಲ್ಲಿ, ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುವ ಆರೈಕೆಮನೆಯೊಂದರಲ್ಲಿದ್ದಾನೆ. ಸೇರಿಸಿದವಳು ಅವನ ಮಗಳು ಸಾವಿತ್ರಿ, ಅರಕಲಗೂಡಿನಲ್ಲಿ ಹೈಸ್ಕೂಲು ಟೀಚರು. ಅತ್ತಿಗೆ ಹೋದ ಮೇಲೆ ಅವಳ ಮನೆಯಲ್ಲಿದ್ದ ಅಣ್ಣ, ಬಾಗಿಲು ತೆರೆದಿದ್ದರೆ ನೇರ ಬಸ್‌ಸ್ಟ್ಯಾಂಡಿಗೆ ಹೋಗಿ ಎದುರಿಗೆ ನಿಂತ ಬಸ್ಸನ್ನು ಹತ್ತಿಬಿಡುತ್ತಿದ್ದ. ಒಮ್ಮೆ ರಾಮನಾಥಪುರದ ಹೊಳೆಯ ಮೆಟ್ಟಿಲ ಮೇಲೆ ಸಿಕ್ಕಿದ. ಇನ್ನೊಮ್ಮೆ ಹೊಳೆನರಸೀಪುರದಲ್ಲಿ, ಡಿಪೋಗೆ ಹೊರಟ ಖಾಲಿ ಬಸ್ಸಿನಲ್ಲಿ ಒಬ್ಬನೇ ಗಂಭೀರವಾಗಿ ಕೂತು, ಕಂಡಕ್ಟರು ಏಕೆ ಬರಲಿಲ್ಲವೆಂದು ಡ್ರೈವರನ್ನು ವಿಚಾರಿಸುತ್ತಿದ್ದ. ಅಂದೇ ಸಾವಿತ್ರಿ ನಿರ್ಧರಿಸಿದಳು. "ಅಪ್ಪನ್ನ ತಕ್ಕೊಂಡೋಗಿ ಬಿಟ್ಬುಟ್ಳು" ಎಂದು ನೆಂಟರು ನೊಂದುಕೊಂಡರು. ಅವಳು ಪ್ರತಿ ಭಾನುವಾರ ಅಲ್ಲಿಗೆ ಹೋಗುತ್ತಾಳೆ; ನೊಂದ ನೆಂಟರು ಇನ್ನೂ ಹೋಗಿಲ್ಲ.

ಆ ಆರೈಕೆಮನೆಯಲ್ಲಿ ವಾರಕ್ಕೊಮ್ಮೆ ಬಂದು ಹಿರಿಯರ ಮಾತು ಮತ್ತು ನುಂಗುವಿಕೆಯನ್ನು ಪರೀಕ್ಷಿಸುವ ಉಡುಪಿ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಮರೆವು ಬಲಿತವರು ತಿನ್ನುವುದನ್ನೂ ಮರೆಯುತ್ತಾರೆ, ಅನ್ನ ದಾರಿ ತಪ್ಪಿ ಶ್ವಾಸಕೋಶಕ್ಕಿಳಿದರೆ ಜೀವಕ್ಕೇ ಅಪಾಯ ಎಂಬುದನ್ನು ನಾನು ತಿಳಿದದ್ದು ಅವಳಿಂದಲೇ.

"ಅಜ್ಜ ಅಗಿಯುದೇ ಇಲ್ಲ ಸರ್," ಎಂದಳು ಒಂದು ದಿನ. "ಇಡ್ಲಿಯನ್ನೂ ಹಾಗೇ ನುಂಗ್ತಾರೆ. ಚಪಾತಿ ನುಂಗ್ಲಿಕ್ಕೆ ಹೋಗಿ ಕೆಮ್ಮು ಬಂತು. ಅಗಿಯುದು ಮರ್ತುಹೋಗಿದೆ ಅಂತ ಕಾಣ್ತದೆ."

ನಾನು ತಲೆದೂಗಿದೆ. ಚನ್ನರಾಯಪಟ್ಟಣದ ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸಿ ನಿವೃತ್ತನಾದವನು ನಾನು. ಒಂದನ್ನು ಮರೆಯಬೇಕಾದರೆ ಮೊದಲು ಅದನ್ನು ಕಲಿತಿರಬೇಕು ಎಂಬ ಪ್ರಾಥಮಿಕ ತರ್ಕ ನನಗೆ ಹೊಳೆಯಲಿಲ್ಲ. ಅಣ್ಣನಿಗೆ ಮೂರು ಹೊತ್ತೂ ಗಂಜಿ ಎಂದು ತೀರ್ಮಾನವಾಯಿತು.

ಅಣ್ಣ ತುಟಿ ಬಿಗಿದ. "ಇದು ಜ್ವರ ಬಂದೋರ್ಗೆ. ನಂಗೇನಾಗೈತೆ?" ಎಂದು ಬಟ್ಟಲನ್ನು ದೂರ ತಳ್ಳಿದ. ದಿನದಿನಕ್ಕೆ ಕೆನ್ನೆ ಒಳಗೆ ಹೋಯಿತು, ಪಂಚೆ ಸೊಂಟದಲ್ಲಿ ನಿಲ್ಲದಾಯಿತು. ಹೀಗೇ ಆದರೆ ಮೂಗಿನಿಂದ ನಳಿಕೆ ಇಳಿಸಿ ಊಟ ಕೊಡಬೇಕಾಗುತ್ತದೆ, ಎಳೆದುಕೊಳ್ಳದಂತೆ ಕೈಗೆ ಬಟ್ಟೆ ಕಟ್ಟಬೇಕಾದೀತು ಎಂದರು ಡಾಕ್ಟರು. ಸಾವಿತ್ರಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಚಿಕ್ಕಪ್ಪ, ಅಪ್ಪನ ಕೈ ಕಟ್ತಾರಂತೆ."

ನಾನು ಮರುದಿನ ಬೆಳಗ್ಗೆಯೇ ಬಸ್ಸು ಹಿಡಿದು ಹಾಸನಕ್ಕೆ ಹೋದೆ. ಸೋಮವಾರ ನಳಿಕೆ ಎಂದು ನಿಗದಿಯಾಗಿತ್ತು. ಅಂದು ಭಾನುವಾರವಾದರೂ ಆ ಹುಡುಗಿ ನಳಿಕೆಗೆ ಮುಂಚೆ ಇನ್ನೊಮ್ಮೆ ಪರೀಕ್ಷಿಸಲೆಂದು ಬಂದಿದ್ದಳು. ನಾನು ಏನೂ ತಿಂದು ಹೊರಟಿರುವುದಿಲ್ಲವೆಂದು ಬಲ್ಲ ಸಾವಿತ್ರಿ, ನನಗಾಗಿ ಕ್ಯಾರಿಯರಿನಲ್ಲಿ ಮುದ್ದೆಯನ್ನೂ ಹುರುಳಿಕಾಳಿನ ಬಸ್ಸಾರನ್ನೂ ತಂದಿದ್ದಳು. ಶೋಕವನ್ನು ಹಸಿದ ಹೊಟ್ಟೆಯಲ್ಲಿ ನಿರ್ವಹಿಸುವ ಸಾಮರ್ಥ್ಯ ನನಗಿಲ್ಲವಾದ್ದರಿಂದ ಅಣ್ಣನ ಎದುರಿಗೇ ತಟ್ಟೆ ಹಾಕಿಕೊಂಡು ಕೂತೆ.

ಇಲ್ಲಿ ನನ್ನ ಬಾಯಿಯ ಇತ್ತೀಚಿನ ಇತಿಹಾಸವನ್ನು ನಿವೇದಿಸಬೇಕು. ನನಗೆ ಹೊಸದಾಗಿ ಹಲ್ಲುಸೆಟ್ಟು ಬಂದಿದೆ. ಯಾವುದನ್ನೇ ಆಗಲಿ ನಿಧಾನವಾಗಿ ಅಗಿಯತಕ್ಕದ್ದೆಂದು ದಂತವೈದ್ಯರ ಆಜ್ಞೆ. ಸರ್ಕಾರಿ ಸೇವೆಯಲ್ಲಿದ್ದವನಿಗೆ ಆಜ್ಞೆಯನ್ನು ಮೀರಿ ಅಭ್ಯಾಸವಿಲ್ಲ. ಮುದ್ದೆಯನ್ನು ಬಾಯಲ್ಲಿಟ್ಟು ಅಗಿಯತೊಡಗಿದೆ.

ಗೋಡೆ ನೋಡುತ್ತಿದ್ದ ಅಣ್ಣ ಇತ್ತ ತಿರುಗಿದ. ನನ್ನ ದವಡೆಯನ್ನೇ ನೋಡಿದ. ಆಮೇಲೆ ಮಗಳನ್ನು ಕೇಳಿದ: "ಯಾವೂರ್ನೋನವ್ವಾ ಇವ್ನು? ಮುದ್ದೆ ಅಗೀತಾವ್ನೆ."

"ನಿನ್ ತಮ್ಮ ಕಣಪ್ಪಾ."

"ಸುಮ್ಕಿರು. ನನ್ ತಮ್ಮ ಇಂಗೆ ಅಗಿಯಾಕಿಲ್ಲ. ನಾನೇ ಕಲ್ಸಿವ್ನಿ ಅವ್ನಿಗೆ."

ಎಂದವನೇ ನನ್ನ ತಟ್ಟೆಗೆ ಕೈಹಾಕಿದ. ಮುರಿದ, ಉಂಡೆ ಮಾಡಿದ, ಅದ್ದಿದ, ನುಂಗಿದ. "ಇಂಗೆ," ಎಂದ ನನಗೆ.

ಹುಡುಗಿ ಓಡಿಬಂದು ಅಣ್ಣನ ಗಂಟಲ ಮೇಲೆ ಬೆರಳಿಟ್ಟಳು. ಕೆಮ್ಮು ಬರಲಿಲ್ಲ.

"ಅಜ್ಜ, ಏನಾದ್ರೂ ಮಾತಾಡಿ ನೋಡುವ."

"ಉಣ್ಣೋವಾಗ ಏನ್ ಮಾತು?"

ದನಿ ಗೊರಗೊರ ಎನ್ನದೆ ಶುದ್ಧವಾಗಿತ್ತು; ತುತ್ತು ದಾರಿ ತಪ್ಪಿರಲಿಲ್ಲ. ಅವನನ್ನು ನೆಟ್ಟಗೆ ಕೂರಿಸಿ, ಗದ್ದ ಕೊಂಚ ತಗ್ಗಿಸಿ, ಅವಳೇ ಸಣ್ಣ ಸಣ್ಣ ಉಂಡೆ ಕೊಡುತ್ತ, ಪ್ರತಿಯೊಂದಕ್ಕೂ ಗಂಟಲು ನೋಡುತ್ತ ಹೋದಳು. ಆಮೇಲೆ ನನ್ನತ್ತ ತಿರುಗಿ, "ಸರ್, ನಿಮ್ಮ ಮನೆಯವರೆಲ್ಲ ಹೀಗೇನಾ?" ಎಂದಳು.

"ಮನೆಯೇನಮ್ಮ, ಜಿಲ್ಲೆಯೇ ಹೀಗೆ."

"ಮೊದ್ಲೇ ಹೇಳ್ಬಾರ್ದಾ ಮಾರಾಯ್ರೆ!"

ಹೇಳಬಹುದಿತ್ತು. ಆದರೆ, ಓದುಗ ಮಿತ್ರರೇ, ನಮ್ಮ ಮನೆಯವರು ಉಸಿರಾಡುತ್ತಾರೆ ಎಂದು ಯಾರಾದರೂ ಮುಂಚಿತವಾಗಿ ತಿಳಿಸುತ್ತಾರೆಯೇ?

ಅಣ್ಣನಿಗೆ ಊರು ಮರೆತಿದೆ, ಅತ್ತಿಗೆ ಹೋದದ್ದು ಮರೆತಿದೆ, ನಾನೂ ಮರೆತುಹೋಗಿದ್ದೇನೆ. ಆದರೆ ತನಗೊಬ್ಬ ತಮ್ಮನಿದ್ದ, ಅವನಿಗೆ ತಾನು ಒಂದು ವಿದ್ಯೆಯನ್ನು ಚೆನ್ನಾಗಿ ಕಲಿಸಿದ್ದ ಎಂಬುದು ಉಳಿದಿದೆ. ಆ ತಮ್ಮನ ಮೇಲಿನ ಅಭಿಮಾನಕ್ಕಾಗಿ ಎದುರಿಗೆ ಕೂತ ನನ್ನನ್ನು ತಮ್ಮನೇ ಅಲ್ಲವೆಂದು ತಳ್ಳಿಹಾಕಿದ. ನನಗೆ ಶಾಲು ಹೊದಿಸಿದ ಸಭೆಗಳುಂಟು. ಅಲ್ಲೆಲ್ಲೂ ಎದೆ ಇಷ್ಟು ಉಬ್ಬಿರಲಿಲ್ಲ. ಮೆಲ್ಲಗೆ ಗೋಡೆಗೆ ತಿರುಗಿ, ಹಲ್ಲುಸೆಟ್ಟನ್ನು ತೆಗೆದು ಕರ್ಚೀಫಿನಲ್ಲಿ ಕಟ್ಟಿ ಜೇಬಿಗಿಟ್ಟು, ಉಳಿದ ಮುದ್ದೆಯಲ್ಲೊಂದು ತುತ್ತನ್ನು ಶಾಸ್ತ್ರೋಕ್ತವಾಗಿ ನುಂಗಿದೆ. ಅಣ್ಣ ನೋಡಿದ. ಹೆಸರು ಹಿಡಿದು ಕರೆಯಲಿಲ್ಲ. ತಟ್ಟೆಯನ್ನು ಮಾತ್ರ ನಮ್ಮಿಬ್ಬರ ನಡುವೆ ಸರಿಸಿ, "ಉಣ್ಲಾ" ಎಂದ.

ಸೋಮವಾರ ನಳಿಕೆ ಹಾಕಲಿಲ್ಲ. ಈಗ ಅಲ್ಲಿ ಮಧ್ಯಾಹ್ನ ಅಣ್ಣನಿಗೆ, ಒಬ್ಬರು ಪಕ್ಕದಲ್ಲಿ ಕೂತು, ಮೆತ್ತಗೆ ತೊಳಸಿದ ಮುದ್ದೆ ಕೊಡುತ್ತಾರೆ. ಅವನು ಉಣ್ಣುತ್ತಾನೆ.