ಸೋಮವಾರದ ಗೋಷ್ಠಿ ಮತ್ತು ಒಳಮನೆಯ ಸ್ಟೋವ್

ಅಟ್ಟ ಸ್ವಚ್ಛ ಮಾಡುತ್ತಿದ್ದ ಸೊಸೆ ಹಳೆಯ ಹಿತ್ತಾಳೆ ಪಂಪ್ ಸ್ಟೋವ್ ಒಂದನ್ನು ಕೆಳಗಿಳಿಸಿ, "ಮಾವಾರ, ಇದನ್ನ ಗುಜರಿಗೆ ಹಾಕಲೇನ್ರಿ?" ಎಂದು ಕೇಳಿದಳು. ಎಷ್ಟೋ ವರ್ಷದಿಂದ ಸೀಮೆಎಣ್ಣೆ ಕಾಣದ ಸ್ಟೋವದು. ಮುಚ್ಚಳ ತೆಗೆದರೆ ವಾಸನೆ ಮಾತ್ರ ಹಾಗೇ ಇತ್ತು. "ಇರ್ಲಿ ಬಿಡವಾ" ಎಂದೆ. ಯಾಕೆಂದು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಇಳಕಲ್ಲಿನ ನಮ್ಮ ಪಡಸಾಲೆಯಲ್ಲಿ ಪ್ರತಿ ಸೋಮವಾರ ಸಂಜೆ ಶರಣರ ವಿಚಾರದ ಗೋಷ್ಠಿ ಕೂಡುತ್ತಿತ್ತು. ಹತ್ತು ಹನ್ನೆರಡು ಜನ, ಹೆಚ್ಚಿನವರು ನಮ್ಮಂಥ ನೇಕಾರರು. ಓದಿ ಅರ್ಥ ಹೇಳಲು ಒಬ್ಬ ನಿವೃತ್ತ ಮಾಸ್ತರರು. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅರ್ಥ ಹೇಳುವ ಯೋಗ್ಯತೆ ಇಲ್ಲದ್ದರಿಂದ ಚಾಪೆ ಹಾಸುವುದು, ಗೋಷ್ಠಿಯಲ್ಲಿ ಯಾವ ಮಾತು ಸಲ್ಲುತ್ತದೆ, ಯಾವುದು ಸಲ್ಲದು ಎಂದು ಕಾಯುವುದು ನನ್ನ ಪಾಲಿಗೆ ಬಂತು. ಬಂತೇನು, ನಾನೇ ತೆಗೆದುಕೊಂಡೆ. ಮಗ್ಗದ ಮಾತು, ಹುನಗುಂದದ ದಾರಿಯಲ್ಲಿ ಬಸ್ಸು ಕೆಟ್ಟ ಮಾತು ಯಾರು ಎತ್ತಿದರೂ, "ಮನಿ ಮಾತು ಚಪ್ಪಲಿ ಸಂಗಾಟ ಹೊರಗ ಬಿಟ್ಟು ಬರ್ರಿ" ಅನ್ನುತ್ತಿದ್ದೆ.

"ಮನ್ಯಾಗ ಕುಂತು ಮನಿ ಮಾತು ಬ್ಯಾಡಂದ್ರ ಹೆಂಗಲೇ?" ಎಂದು ಗೆಳೆಯನೊಬ್ಬ ಕಾಡುತ್ತಿದ್ದ. ಎಲ್ಲರೂ ನಗುತ್ತಿದ್ದರು, ನನ್ನೊಬ್ಬನನ್ನು ಬಿಟ್ಟು. ಕಡಿಮೆ ಕಲಿತವನಿಗೆ ಸಿಕ್ಕ ಅಧಿಕಾರವಲ್ಲವೇ!

ತಂಗಿ ಗೌರವ್ವ ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಳು. ಸೀರೆಯ ಒಡಲಿನ ಉದ್ದೆಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ಅವಳ ಕೆಲಸ. ಅವಳ ಕೊಂಡಿಯಲ್ಲಿ ಎಳೆ ಬಿಟ್ಟದ್ದನ್ನು ನಾನು ಕಂಡಿಲ್ಲ. ನನ್ನ ಹೆಂಡತಿಯ ಕುಬಸಕ್ಕೆ ನೇಯ್ದ ಸೀರೆಗೂ ಅವಳೇ ಕೊಂಡಿ ಹಾಕಿದ್ದಳು. ಏಳು ತಿಂಗಳ ಬಸುರಿಗೆ ಉಡಿ ತುಂಬುವ ಆ ದಿನ ಅದೇ ಸೀರೆ ಹಿಡಿದು ಪಡಸಾಲೆಗೆ ಬಂದಳು. ನಾನು ಬಾಗಿಲಲ್ಲೇ ತಡೆದೆ. "ನೀ ಸ್ವಲ್ಪ ಒಳಗಿರು ಗೌರಾ, ಮಂದಿ ಏನಾರ ಅಂದಾರು" ಎಂದು ಸೀರೆ ತೆಗೆದುಕೊಂಡೆ. ಮಂದಿ ಇನ್ನೂ ಬಂದೇ ಇರಲಿಲ್ಲ.

ಮುಂದಿನ ಸೋಮವಾರ ಮಾಸ್ತರರು ಸೂತಕದ ವಿಷಯ ತೆಗೆದರು. ಹುಟ್ಟಿನಿಂದಾಗಲಿ ಸಾವಿನಿಂದಾಗಲಿ ಯಾರೂ ಮೈಲಿಗೆಯಾಗುವುದಿಲ್ಲ ಎಂದು ವಿವರಿಸುತ್ತಿದ್ದರು. ಎಲ್ಲರಿಗಿಂತ ಜೋರಾಗಿ ತಲೆದೂಗುತ್ತಿದ್ದವನು ನಾನೇ. ಚಹ ತಂದ ಗೌರವ್ವ ತಟ್ಟೆ ಕೆಳಗಿಟ್ಟು ಅಲ್ಲೇ ನಿಂತಳು.

"ಮಾಸ್ತರ್ರ, ಒಂದು ಕೇಳಲೇನ್ರಿ?"

"ಕೇಳವಾ ತಂಗಿ."

"ಸಾವಿನಿಂದ ಮೈಲಿಗಿ ಇಲ್ಲಂದ್ರ, ಗಂಡ ಸತ್ತಾಕಿ ಉಡಿ ಯಾಕ ತುಂಬಬಾರದ್ರಿ? ಮೊನ್ನಿ ನಮ್ಮ ಮನ್ಯಾಗ..."

"ಗೌರಾ, ಮನಿ ಮಾತು ಇಲ್ಲಿ ಬ್ಯಾಡ" ಎಂದೆ.

ಮಾಸ್ತರರು ನನ್ನ ಮುಖ ನೋಡಿದರು, ಆಮೇಲೆ ಪುಸ್ತಕ ನೋಡಿದರು. ಪಡಸಾಲೆ ನನ್ನದು, ಚಾಪೆ ನನ್ನದು. ಕಾಡುವ ಗೆಳೆಯನೂ ಚಹದ ಕಪ್ಪಿಗೆ ಕೈ ಹಾಕಿದ. ಗೋಷ್ಠಿಯ ಶಿಸ್ತಿಗೆಂದು ನಾನು ಮಾಡಿದ ಕಟ್ಟಳೆ ಅಂದು ನನ್ನನ್ನು ಮುಚ್ಚಿಡುವ ಕೆಲಸಕ್ಕೆ ಬಂತು.

ಗೌರವ್ವ ಒಳಗೆ ಹೋಗಿ ಸ್ಟೋವಿಗೆ ಪಂಪ್ ಹೊಡೆದಳು. ಚಹ ಆಗಲೇ ಆಗಿತ್ತು. ಕಾಯಿಸಲು ಏನೂ ಇರಲಿಲ್ಲ. ಅಂದಿನಿಂದ ಗೋಷ್ಠಿ ನಡೆಯುವಷ್ಟು ಹೊತ್ತೂ ಒಳಮನೆಯಲ್ಲಿ ಆ ಸ್ಟೋವ್ ಭೋರೆನ್ನುತ್ತಿತ್ತು. ನಮ್ಮ ಮಾತು ಅವಳ ಕಿವಿಗೆ ಬೀಳಬಾರದು, ಅಷ್ಟೇ. ಎಣ್ಣೆ ದಂಡ ಎಂದು ಹೆಂಡತಿ ಗೊಣಗುತ್ತಿದ್ದಳು. ಮನೆಗೆ ಗ್ಯಾಸ್ ಬಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನೂ ನಾನೇ.

ಮಾಸ್ತರರು ಈಗಿಲ್ಲ. ಗೋಷ್ಠಿ ಇದೆ. ಅಟ್ಟದಿಂದ ಇಳಿದ ಸ್ಟೋವ್ ಹಿಡಿದುಕೊಂಡು ಗೌರವ್ವನ ಕೋಣೆಗೆ ಹೋದೆ.

"ಸೋಮವಾರ ಪಡಸಾಲಿಗೆ ಬಂದು ಕುಂದ್ರತಿ ಏನವಾ?"

ಅವಳು ಸ್ಟೋವ್ ನೋಡಿದಳು. "ಮನಿ ಮಾತು ಆಡಬಹುದೇನು ಅಣ್ಣಾ?"

"ಆಡಬೇಕು. ನಿನ್ನ ಒಳಗ ಕಳಿಸಿದಾಂವ ನಾನ ಅಂತ ಮೊದಲ ನಾ ಹೇಳ್ತೇನಿ."

"ಚಾ ಯಾರು ಮಾಡ್ತಾರ?"

"ನಾ ಮಾಡ್ತೇನಿ."

"ಹಂಗಾರ ಮುಂದಿನ ವಾರ ಯಾರೂ ಬರೂದಿಲ್ಲ ತಗೋ" ಎಂದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ನಿನ್ನೆ ಸೋಮವಾರ. ಹೇಳಬೇಕಾದ್ದನ್ನು ಎಲ್ಲರ ಮುಂದೆ ಹೇಳಿ, ಒಳಗೆ ಬಂದು ಗ್ಯಾಸಿನ ಮೇಲೆ ಹಾಲಿಟ್ಟೆ. ಪಡಸಾಲೆಯಿಂದ ಗೌರವ್ವನ ದನಿ ಕೇಳಿತು, ಅಂದು ನಾನು ತಡೆದ ಮಾತಿನಿಂದಲೇ: "ಮೊನ್ನಿ ನಮ್ಮ ಮನ್ಯಾಗ..."

ಗ್ಯಾಸಿಗೆ ಆ ಸ್ಟೋವಿನಷ್ಟು ಸದ್ದಿಲ್ಲ. ಆದರೂ ಆರಿಸಿದೆ.