ಹಾವಿನ ಅಕ್ಷರ

ನೈಲ್ ದಂಡೆಯ ಅಬ್ಜು ಪಟ್ಟಣದಲ್ಲಿ ನಾನು ಶವಪೆಟ್ಟಿಗೆ ಮಾಡುವ ಬಡಗಿ. ಅವುಗಳ ಒಳಮೈಗೆ ಮಂತ್ರ ಬರೆಯುವವನು ನೆರೆಮನೆಯ ಸೆಂಬಿ. ಅವನಂಥ ಅಂಜುಬುರುಕ ಇನ್ನೊಬ್ಬನಿಲ್ಲ. ನಮ್ಮ ಅಕ್ಷರಗಳೆಲ್ಲ ಚಿತ್ರಗಳಲ್ಲವೇ. ಸೆಂಬಿ ಬರೆದ ಸಿಂಹಕ್ಕೆ ಹಿಂಗಾಲಿರುವುದಿಲ್ಲ, ಹಕ್ಕಿಗೆ ಕಾಲೇ ಇರುವುದಿಲ್ಲ, ಹಾವಂತೂ ಯಾವಾಗಲೂ ಎರಡು ತುಂಡು. ಬರೆದು ಮುಗಿಸಿದವನೇ ಮಾರು ದೂರ ಹಾರಿ ನಿಂತು, ಏನಾದರೂ ಅಲುಗಿತೇ ಎಂದು ನೋಡುತ್ತಾನೆ. "ಸೆಂಬಿಯಣ್ಣಾ, ಬಾತುಕೋಳಿ ಕಚ್ಚೀತು, ಹುಷಾರು!" ಎಂದು ಕೆಲಸದವರು ಛೇಡಿಸಿದರೆ, "ನಗ್ರಪ್ಪಾ, ನಗ್ರಿ. ಮುಚ್ಚಳ ಹಾಕಿದ್ಮೇಲೆ ಇವಕ್ಕೆಲ್ಲ ಜೀವ ಬರುತ್ತೆ. ಒಳಗಿರೋರು ಎಲ್ಲಿಗೆ ಓಡ್ಬೇಕು?" ಎನ್ನುತ್ತಾನೆ. ಕಳೆದ ಸುಗ್ಗಿಯಲ್ಲಿ ಅವನ ಪುಟ್ಟ ಮಗಳು ತೆಫಿ ಹೊಲದಲ್ಲಿ ಹಾವು ಕಚ್ಚಿ ಸತ್ತಳು. ನಮ್ಮ ಲಿಪಿಯಲ್ಲಿ 'ಫ' ಎಂದರೆ ಹಾವೇ. ಅದನ್ನು ಬಿಟ್ಟರೆ ಹೆಸರು ಕೆಡುತ್ತದೆ, ಹೆಸರು ಕೆಟ್ಟರೆ ಆ ಲೋಕದಲ್ಲಿ ಮಗುವನ್ನು ಯಾರೂ ಗುರುತಿಸುವುದಿಲ್ಲ. ಸೆಂಬಿ ಪೆಟ್ಟಿಗೆಯೊಳಗೆ ಅವಳ ಹೆಸರು ಬರೆದ, ಹಾವನ್ನು ತುಂಡರಿಸಿದ. ಆದರೂ ಸಾಲದೆನಿಸಿ, ಅದರ ತಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕುಳಿತುಬಿಟ್ಟ. "ಮುಚ್ಚಬೇಕು, ಕೈ ತೆಗಿಯೋ," ಎಂದೆ. "ತೆಗೆದ್ರೆ ಕಚ್ಚುತ್ತೆ ಕಣೋ," ಎಂದ. ಕೊನೆಗೆ ನಾನೇ ಉಳಿ ತಂದು, ಅಕ್ಷರ ಗುರುತು ಸಿಗುವಷ್ಟು ಮೈ ಉಳಿಸಿ, ಆ ತಲೆಯನ್ನು ಕೆತ್ತಿ ತೆಗೆದೆ. ಕೆತ್ತಿ ಮುಗಿಸಿದವನೇ ನಾನೂ ಮಾರು ದೂರ ಹಾರಿ ನಿಂತು, ಏನಾದರೂ ಅಲುಗಿತೇ ಎಂದು ನೋಡಿದೆ.