ಹೆಳವರ ಮನೆಯ ಕಂಪ್ಯೂಟರ್ ಏಳದೆ ಹೋದದ್ದು

ಹಳೆಯ ಕಂಪ್ಯೂಟರ್ ಕೊಳ್ಳುವವರಿಗೆ ನಾನು ಹೇಳುವ ಮೊದಲ ಮಾತು: ಅಂಗಡಿಯವನು ಮೊದಲೇ ಚಾಲೂ ಮಾಡಿ ಇಟ್ಟದ್ದನ್ನು ನೋಡಿ ಮರುಳಾಗಬೇಡಿ. ಬಂದ್ ಮಾಡಿಸಿ. ಹೊರಗೆ ಹೋಗಿ ಒಂದು ಚಹಾ ಕುಡಿದು ಬನ್ನಿ. ಆಮೇಲೆ ನಿಮ್ಮ ಕೈಯಿಂದಲೇ ಗುಂಡಿ ಒತ್ತಿ, ಕಿವಿಗೊಟ್ಟು ಕೇಳಿ. ತಣ್ಣಗಾದ ಯಂತ್ರ ಹೇಗೆ ಏಳುತ್ತದೆ ಎನ್ನುವುದರಲ್ಲೇ ಅದರ ಬಾಳಿಕೆ ತಿಳಿಯುತ್ತದೆ. ಬೇರೆ ಕಡೆ ಕೊಳ್ಳಲು ಹೊರಟವರಿಗೆಲ್ಲ ಇದನ್ನು ಹೇಳಿದ್ದೇನೆ. ನನ್ನ ಅಂಗಡಿಗೆ ಕೊಳ್ಳಲು ಬಂದವರಿಗೆ ಹೇಳಿದ್ದು ಕಡಿಮೆ.

ಬೈಲಹೊಂಗಲದ ಬಸ್ ಸ್ಟ್ಯಾಂಡಿಗೆ ಹತ್ತಿರ ನನ್ನ ಅಂಗಡಿ. ಮೊದಲು ರೇಡಿಯೊ, ಆಮೇಲೆ ಟಿ.ವಿ., ಈಗ ಕಂಪ್ಯೂಟರ್. ಯಾವ ಕಾಲೇಜಿನಲ್ಲೂ ಕಲಿತವನಲ್ಲ. ಬಿಚ್ಚಿ, ಕೆಡಿಸಿ, ಬೈಸಿಕೊಂಡು ಕಲಿತವನು. ಈಗ ಸೊಂಟ ನೋಯುತ್ತದೆ, ಸಣ್ಣ ಸ್ಕ್ರೂ ಕಣ್ಣಿಗೆ ಬೀಳುವುದಿಲ್ಲ. ದಿನವಿಡೀ ಫೋನಿನಲ್ಲಿ ಹೇಳುವುದು ಒಂದೇ ಮಾತು: "ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ." ಬಹಳ ಮಂದಿಯ ತೊಂದರೆ ಅಷ್ಟರಲ್ಲೇ ಮುಗಿಯುತ್ತದೆ. ಅವರು ನನ್ನನ್ನು ಜಾಣ ಎನ್ನುತ್ತಾರೆ. ನನಗೆ ಆಕಳಿಕೆ ಬರುತ್ತದೆ.

ಆ ವಿಜಯದಶಮಿಯ ದಿನವೂ ಹೀಗೇ ಫೋನು ಬಂತು, ಬನ್ನಿ ಕೊಡುವಾಗಿನ ಹಾರೈಕೆಯೊಂದಿಗೆ.

"ಸಾವಕಾರ್ರ, ಬಂಗಾರ ತಗೊಂಡು ಬಂಗಾರಧಂಗ ಇರೂಣು."

"ಇರೂಣ ಕಾಕಾ. ಏನಾತು?"

"ಪೆಟಿಗಿ ಏಳವಲ್ದು."

"ಬಂದ್ ಮಾಡಿ ಚಾಲೂ ಮಾಡ್ರಿ."

"ಮುಂಜಾನಿಂದ ಅದನ್ನ ಮಾಡಾಕತ್ತೇವಿ. ನೀವ ಬರ್ರಿ."

ಮಾತಾಡಿದವರು ಸವದತ್ತಿ ಕಡೆಯ ಹಳ್ಳಿಯ ಹೆಳವರು. ನನಗಿಂತ ಹದಿನೈದು ವರ್ಷಕ್ಕೆ ಹಿರಿಯರು. ರೈತ ಮನೆತನಗಳ ವಂಶಾವಳಿಯನ್ನು ಕಾಯ್ದುಕೊಂಡು ಬಂದವರ ಪೈಕಿ. ಕೆಲವು ವರ್ಷಕ್ಕೊಮ್ಮೆ ಒಂದೊಂದು ಒಕ್ಕಲಿನ ಮನೆಗೆ ಹೋಗಿ, ಮನೆಮಂದಿಯನ್ನೆಲ್ಲ ಕೂಡಿಸಿ, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಓದುವುದು. ಹೊಸದಾಗಿ ಹುಟ್ಟಿದವರನ್ನೂ ತೀರಿಕೊಂಡವರನ್ನೂ ಬರೆದುಕೊಂಡು ಬರುವುದು. ಇದು ಅವರ ಕೆಲಸ. ಹಳೆಯದೆಲ್ಲ ದಫ್ತರಗಳಲ್ಲಿದೆ. ಕಾಕಾನ ಕಣ್ಣು ಮಂದವಾದ ಮೇಲೆ, ನಾಲ್ಕು ವರ್ಷದಿಂದ ಹೊಸ ಹೆಸರುಗಳನ್ನೆಲ್ಲ ಸೊಸೆ ಕಂಪ್ಯೂಟರಿಗೆ ಹಾಕುತ್ತಿದ್ದಳು. ಪೆನ್ಸಿಲಿನಲ್ಲಿ ಗೀಚಿ ತಂದ ಚೀಟಿಗಳನ್ನು ಆಮೇಲೆ ಎಸೆಯುತ್ತಿದ್ದರಿಂದ ಅವು ಬೇರೆಲ್ಲೂ ಇರಲಿಲ್ಲ. ದೀಪಾವಳಿ ಮುಗಿದರೆ ಅವರ ತಿರುಗಾಟ ಶುರು. ಹೆಸರು ಬಿಟ್ಟುಹೋದರೆ ಒಕ್ಕಲಿನ ಮನೆಯವರು ಮತ್ತೆ ಮುಖ ನೋಡುವುದಿಲ್ಲ.

ಆ ಕಂಪ್ಯೂಟರನ್ನು ಮಾರಿದವನು ನಾನೇ. ಕಿತ್ತೂರಿನಲ್ಲಿ ಮುಚ್ಚಿಹೋದ ಒಂದು ಬ್ರೌಸಿಂಗ್ ಸೆಂಟರಿನಿಂದ ಹೋಲ್‌ಸೇಲಾಗಿ, ಜಗ್ಗಾಡಿ ತಂದಿದ್ದು.

ಸವದತ್ತಿಯವರೆಗೆ ಬಸ್ಸು, ಅಲ್ಲಿಂದ ಟಂಟಂ. ಹೋಗಿ ನೋಡಿದರೆ ಕಂಪ್ಯೂಟರು ದೇವರ ಜಗಲಿಯ ಮುಂದೆ, ದಫ್ತರಗಳ ಸಾಲಿನಲ್ಲೇ ಕೂತಿದೆ. ಮಾನಿಟರಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೆ ಚೆಂಡುಹೂವಿನ ಸರ.

"ಯಾವಾಗಿಂದ ಹಿಂಗ?" ಎಂದೆ.

"ನಿನ್ನೆ ಖಂಡೆಪೂಜಿ ಆತಲ್ರಿ, ಆವಾಗಿಂದ," ಎಂದಳು ಸೊಸೆ. "ಪೂಜಿ ಹೊತ್ತಿಗೆ ಅಪ್‌ಡೇಟ್ ಸುರು ಆಗಿತ್ತು. ಬಂದ್ ಮಾಡಬ್ಯಾಡ್ರಿ ಅಂತ ಪರದೆ ಮ್ಯಾಲ ಬರದಿತ್ತು. ನಾನೂ ಅದನ್ನ ಅಂದೆ. ಮಾವಾರು ವೈರ್ ಕಿತ್ತಿಬಿಟ್ರು."

"ಮತ್ತೇನ್ ಮಾಡ್ಲೆವ್ವಾ? ಅಯ್ಯನಾರು ಆರತಿ ಹಿಡಕೊಂಡು ನಿಂತಾರ, ಇದು ಗುರ್ ಅಂತ ನಡದೈತಿ." ಕಾಕಾ ನನ್ನತ್ತ ತಿರುಗಿದರು. "ನಡಿಯೂ ಆಯುಧಕ್ಕ ಪೂಜಿ ಮಾಡ್ತಾರೇನ್ರಿ? ರಂಟಿ ಇರ್ಲಿ, ಕುಡಗೋಲ ಇರ್ಲಿ, ಆವತ್ತ ಸುಮ್ನ ಕುಂದರಬೇಕು. ದುಡದೈತಿ, ಒಂದಿನ ದಣಿವಾರಿಸಿಕೊಳ್ಳಲಿ ಅಂದೆ."

ವೈರ್ ಕಿತ್ತದ್ದಕ್ಕೆ ಬಯ್ಯಬೇಕೆಂದುಕೊಂಡಿದ್ದೆ. ಬಾಯಿ ಬರಲಿಲ್ಲ. ನನಗೆ ಯಾರೂ ಒಂದು ದಿನವೂ ಹಾಗೆ ಅಂದಿಲ್ಲ.

ಹೂ ತೆಗೆದು ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ದೀಪ ಹತ್ತಿತು, ಕಪ್ಪು ಪರದೆಯ ಮೇಲೆ ಒಂದು ಸಾಲು ಬಿಳಿ ಅಕ್ಷರ ಬಂದು ನಿಂತಿತು.

"ಏನ ಅಂತೈತಿ?"

"ಎಲ್ಲಿಂದ ಸುರು ಮಾಡಬೇಕಂತ ಗೊತ್ತಾಗವಲ್ದು ಅಂತೈತಿ."

ಅವರಿಗೆ ಬಿಡಿಸಿ ಹೇಳಿದೆ. ಗುಂಡಿ ಒತ್ತಿದಾಗ ಯಂತ್ರಕ್ಕೆ ಏನೂ ನೆನಪಿರುವುದಿಲ್ಲ. ಮೊದಲು ಏಳುವುದು ಒಳಗಿನ ಒಂದು ಸಣ್ಣ ಚಿಪ್. ಅದು ಕೈಕಾಲು ತಡವಿಕೊಂಡಂತೆ ಮೆಮೊರಿ ಇದೆಯೇ, ಕೀಲಿಮಣೆ ಇದೆಯೇ, ಡಿಸ್ಕ್ ಇದೆಯೇ ಎಂದು ನೋಡುತ್ತದೆ. ಆಮೇಲೆ ಡಿಸ್ಕಿನ ಒಂದು ಗೊತ್ತಾದ ಜಾಗಕ್ಕೆ ಹೋಗಿ ಅಲ್ಲಿರುವ ಚಿಕ್ಕ ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಆ ಚಿಕ್ಕದು ದೊಡ್ಡದನ್ನು ಎಬ್ಬಿಸುತ್ತದೆ, ದೊಡ್ಡದು ಉಳಿದವರನ್ನೆಲ್ಲ. ಒಬ್ಬೊಬ್ಬರಿಗೂ ತಮ್ಮ ಮುಂದಿನವರ ಮನೆಯಷ್ಟೇ ಗೊತ್ತು. ಅಪ್‌ಡೇಟ್ ಎಂದರೆ ಆ ಸಾಲನ್ನೇ ಬಿಚ್ಚಿ ಮತ್ತೆ ಜೋಡಿಸುವ ಹೊತ್ತು. ಆಗ ಕರೆಂಟು ಹೋದರೆ ಜೋಡಣೆ ಅರ್ಧಕ್ಕೇ ನಿಲ್ಲುತ್ತದೆ.

ಕಾಕಾ ಕಣ್ಣು ಮುಚ್ಚಿ ಕೇಳಿದರು. "ಅಂದ್ರ ಮೂಲಪುರುಷ ತಪ್ಪ್ಯಾನ."

"ಆಂ?"

"ನಮ್ಮ ದಫ್ತರದಾಗೂ ಹಂಗರಿ. ಮೊದಲನೇ ಹಾಳಿ ಹರೀತಂದ್ರ ಕೆಳಗ ನೂರು ಮಂದಿ ಇದ್ರೂ ಓದಾಕ ಬರೂದಿಲ್ಲ. ಎಲ್ಲಾರೂ ಇರತಾರ, ಯಾರಿಗೆ ಯಾರು ಹುಟ್ಟ್ಯಾರ ಗೊತ್ತಾಗೂದಿಲ್ಲ." ದನಿ ತಗ್ಗಿಸಿ ಕೇಳಿದರು: "ಹಂಗಾದ್ರ ನಮ್ಮ ಒಕ್ಕಲ ಮಂದಿ ಒಳಗ ಅದಾರಲ್ರಿ?"

ಈ ದಂಧೆಯಲ್ಲಿ ಪಳಗಿದವರಿಗೂ ಇಷ್ಟು ಬೇಗ ತಿಳಿದದ್ದನ್ನು ನಾನು ನೋಡಿಲ್ಲ.

ಇಲ್ಲಿ ಒಂದು ಮಾತು. ಕಂಪ್ಯೂಟರ್ ಏಳದಿದ್ದಾಗ, ಬಂದ ಕೂಡಲೇ "ಎಲ್ಲ ಅಳಿಸಿ ಹೊಸದಾಗಿ ಹಾಕ್ತೇನ್ರಿ" ಎನ್ನುವವನನ್ನು ಹೊಸ್ತಿಲಿಂದಲೇ ಕಳಿಸಿ. ಮೊದಲು ಒಳಗಿನದನ್ನು ಹೊರಗೆ ತೆಗೆಯಬೇಕು, ಎಬ್ಬಿಸುವ ಮಾತು ಆಮೇಲೆ. ನಾನು ಪೆನ್‌ಡ್ರೈವಿನಲ್ಲಿ ಒಯ್ದಿದ್ದ ಬೇರೆ ವ್ಯವಸ್ಥೆಯಿಂದ ಯಂತ್ರವನ್ನು ಎಬ್ಬಿಸಿದೆ. ಡಿಸ್ಕು ಕಂಡಿತು. ಊರಿಗೊಂದರಂತೆ ಸೊಸೆ ಇಟ್ಟಿದ್ದ ಫೈಲುಗಳು ಸಾಲಾಗಿ ಕಂಡವು. ಕಾಕಾ ಎರಡೂ ಕೈ ಮುಗಿದರು, ನನಗೋ ಪರದೆಗೋ ತಿಳಿಯಲಿಲ್ಲ.

ಒಂದೊಂದೇ ಊರನ್ನು ನನ್ನ ಡಿಸ್ಕಿಗೆ ಇಳಿಸತೊಡಗಿದೆ. ಸೊಸೆ ಚಹಾ ತಂದಿಟ್ಟಳು. ರಾಮದುರ್ಗದ ಹತ್ತಿರ, ಮಲಪ್ರಭೆಯ ದಂಡೆಯ ಒಂದು ಊರಿನ ಫೈಲು ಬಂದಾಗ ಪೆಟ್ಟಿಗೆಯೊಳಗೆ ಟಕ್, ಟಕ್ ಎಂದಿತು. ಇಳಿಯಲಿಲ್ಲ. ಮತ್ತೆ ಹಾಕಿದೆ. ಟಕ್, ಟಕ್. ಹೊತ್ತು ಇಳಿಯುವವರೆಗೆ ಬಗೆಬಗೆಯಾಗಿ ನೋಡಿದೆ. ಆ ಒಂದು ಊರು ಬರಲೇ ಇಲ್ಲ.

"ನಾ ವೈರ್ ಕಿತ್ತಿದ್ದಕ್ಕ ಹಿಂಗಾತೇನ್ರಿ?" ಕಾಕಾ ಪೆಟ್ಟಿಗೆಯ ಹತ್ತಿರ ಸರಿದು ಕೇಳಿದರು.

ಹೌದು ಎಂದರೆ ಮುಗಿಯುತ್ತಿತ್ತು. ಯಾರೂ ಕೇಳುವವರಿರಲಿಲ್ಲ. ಮೂವತ್ತು ವರ್ಷ ಇಂಥ ಕಡೆ ನಾನು ಹೌದು ಎಂದೇ ಬದುಕಿದವನು. ಅವತ್ತು ಯಾಕೋ ಅಷ್ಟು ಹೇಳುವುದಕ್ಕೂ ದಣಿವಾಗಿತ್ತು.

"ಅಲ್ಲ ಕಾಕಾ. ಏಳದ ಇದ್ದದ್ದು ನಿಮ್ಮ ಕೈಯಿಂದ. ಇದು ಡಿಸ್ಕ್ ಸವದ ಸಪ್ಪಳ, ಮೊದಲಿಂದ ಐತಿ. ಕಿತ್ತೂರಿಂದ ತಂದಾಗ ನನಗ ಕೇಳಿಸಿತ್ತು."

ಸೊಸೆ ಚಹಾದ ಕಪ್ಪು ಎತ್ತಿಕೊಂಡಳು. "ಅವತ್ತ ಒಂದೀಟು ನಮಗೂ ಕೇಳಿಸಿದ್ರ ಛಲೋ ಇತ್ತರೀ ಅಣ್ಣಾರ," ಎಂದು ಒಳಗೆ ಹೋದಳು.

ಮರುದಿನ ಹೊಸ ಡಿಸ್ಕ್ ಒಯ್ದು ಹಾಕಿದೆ. ವ್ಯವಸ್ಥೆಯನ್ನು ಮೊದಲಿನಿಂದ ಕೂಡಿಸಿ, ಹೆಸರುಗಳನ್ನು ತುಂಬಿ, ಮೂರು ಸಲ ಬಂದ್ ಮಾಡಿ ಮೂರು ಸಲ ಎಬ್ಬಿಸಿ ತೋರಿಸಿದೆ. ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಸೊಸೆಯ ಕೈಗೆ ಕೊಟ್ಟೆ. ನೀವೂ ಹಾಗೇ ಮಾಡಿ; ಒಂದೇ ಕಡೆ ಇರುವುದು ಇಲ್ಲದ ಹಾಗೆಯೇ. ಆದರೆ ಆ ಒಂದು ಊರಿನ ನಾಲ್ಕು ವರ್ಷದ ಹುಟ್ಟು ಸಾವು ಹೋಗಿತ್ತು. ಅಲ್ಲಿಗೆ ಹೋಗಿ ಮನೆ ಮನೆ ಕೇಳದೆ ಗತಿಯಿರಲಿಲ್ಲ. ಕಾಕಾಗೆ ಬರೆಯಲು ಕಣ್ಣಿಲ್ಲ, ಸೊಸೆಗೆ ಎಳೆಗೂಸು. ನಾನು ಬರುತ್ತೇನೆ ಎಂದೆ.

ದೀಪಾವಳಿ ಕಳೆದು ನಾಲ್ಕನೇ ದಿನ ಹೋದೆವು. ಮೊದಲ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಅವರೆಕಾಯಿ ಸುಲಿಯುತ್ತಿದ್ದಳು. ಕಾಕಾ ನಡೆದದ್ದನ್ನು ಹೇಳಿದರು.

"ಹೋದ ಸುಗ್ಗ್ಯಾಗ ಬಂದಾಗ ಹೇಳೀನಲ್ಲೋ ಹೆಳವಾ," ಎಂದಳು. "ನಮ್ಮನಿಯವ್ರು ಹ್ವಾದ ದಿನ, ತಿಥಿ, ಎಲ್ಲಾ. ನಿನ್ನ ಸೊಸಿ ಬರಕೊಂಡ್ಲು. ಎಲ್ಲಿಟ್ಟಿ ಅದನ್ನ?"

"ತಪ್ಪಾತವ್ವಾ. ಪೆಟಿಗ್ಯಾಗ ಹೋತು."

"ಮಣ್ಣಾಗೂ ಹ್ವಾದ್ರು, ಪೆಟಿಗ್ಯಾಗೂ ಹ್ವಾದ್ರು. ಛಲೋ ಆತ ಬಿಡು." ಮೊರ ಬದಿಗಿಟ್ಟು ನನ್ನನ್ನು ನೋಡಿದಳು. "ಇವ್ರು ಯಾರು?"

"ಪೆಟಿಗಿ ಮಾರಿದವನು ನಾನ, ಯವ್ವಾ. ತಪ್ಪು ನಂದೂ ಐತಿ," ಎಂದೆ.

"ಹಂಗಾರ ನೀನ ಬರಿ. ಈ ಸಲ ಪೆನ್ನಿಲೆ ಬರಿ."

ಅವಳು ಮತ್ತೆ ಹೇಳಿದಳು. ಗಂಡನ ಹೆಸರು, ಅವನು ಹೋದ ತಿಥಿ, ಆಮೇಲೆ ಹುಟ್ಟಿದ ಇಬ್ಬರು ಮೊಮ್ಮಕ್ಕಳು. ಒಮ್ಮೆ ಹೇಳಿ ಮುಗಿಸಿದ್ದನ್ನು ನಮ್ಮಿಂದಾಗಿ ಇನ್ನೊಮ್ಮೆ ಹೇಳಬೇಕಾಗಿತ್ತು. ಬರೆದು ಕೊಟ್ಟ ಹಾಳೆಯನ್ನು ಕಾಕಾ ಕಣ್ಣಿಗೆ ಹತ್ತಿರ ಹಿಡಿದು ಬಾಯಿಪಾಠ ಮಾಡಿಕೊಂಡರು. ದಫ್ತರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಮೂಲಪುರುಷನಿಂದ ಓದತೊಡಗಿದರು. ಒಳಗಿನವರೆಲ್ಲ ಹೊರಗೆ ಬಂದು ಕೂತರು. ತಲೆಮಾರಿನ ಮೇಲೆ ತಲೆಮಾರು ಇಳಿದು ಬಂತು. ಮುದುಕಿಯ ಗಂಡನ ಹೆಸರು ಬಂದಾಗ ಅವಳು ಸೆರಗು ತಲೆಗೆಳೆದುಕೊಂಡಳು, ಮುಂದಿನ ಹೆಸರಿಗಾಗಿ ಕಾಯುತ್ತ ಕೂತಳು.

ಓದಿ ಮುಗಿದ ಮೇಲೆ ಏಳಲು ನೋಡಿದೆ, ಸೊಂಟ ಹಿಡಿದುಕೊಂಡಿತ್ತು. ಆ ಓಣಿಯಲ್ಲಿ ಇನ್ನೂ ಹನ್ನೊಂದು ಮನೆಗಳಿದ್ದವು.